ಕೀನ್ ಕುಡಿಯದ ನೀರು

ಕೀನ್ ಸತ್ತು ಬಿದ್ದಿದ್ದನ್ನು ಮೊದಲು ನೋಡಿದವಳು ನಾನೇ. ಶನಿವಾರ ಬೆಳಿಗ್ಗೆ ಎಂದಿನಂತೆ ಅವನ ತಿಂಡಿ ಹಿಡಿದುಕೊಂಡು ಹೋಗಿದ್ದೆ. ಜ್ಯಾಕ್ ಎನ್ನುವ ಕರಿದ ರೊಟ್ಟಿ, ಅರೆದ ಹುರುಳಿ, ಒಂದು ಮೊಟ್ಟೆ. ಹಿಂಬದಿಯ ಅಡುಗೆಮನೆಗೆ ಸಿಮೆಂಟ್ ಹಾದಿ ಇದೆ, ನಾನು ಯಾವಾಗಲೂ ಆ ಕಡೆಯಿಂದಲೇ ಹತ್ತುತ್ತಿದ್ದೆ. "ಮಿಸ್ಟರ್ ಕೀನ್, ಆರಿ ಹೋಗತ್ತೆ, ಎದ್ದೇಳು" ಎಂದು ಕೂಗಿ ಮುಂದಿನ ಕೋಣೆಗೆ ಕಾಲಿಟ್ಟೆ.

ಅವನು ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ನೋಡುವ ಹಾಗಿರಲಿಲ್ಲ. ಪಕ್ಕದಲ್ಲಿ ಸೈಟಿನ ಅಳತೆಗೆ ನೆಡುವ ಕಬ್ಬಿಣದ ಗೂಟ. ತಲೆಯ ಹತ್ತಿರ ನೆಲದ ಮೇಲೆ ಒಂದು ಗಾಜಿನ ಲೋಟ, ಕಂಠಮಟ್ಟ ನೀರು. ಇನ್ನೇನು ಅದನ್ನು ಒದೆಯುತ್ತಿದ್ದೆ, ತಪ್ಪಿತು. ನೀರಿನಲ್ಲಿ ಎರಡು ಮೂರು ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಎದುರಿಗೆ ಹೆಣ ಇದ್ದರೂ ಮನಸ್ಸು ಎಂಥ ಕೆಲಸಕ್ಕೆ ಬಾರದ್ದನ್ನು ಯೋಚಿಸುತ್ತದೆ ನೋಡಿ. ಇಷ್ಟು ದೊಡ್ಡ ಮನುಷ್ಯನ ಮನೆಯಲ್ಲೂ ಸೊಳ್ಳೆಮರಿಯೇ ಅಂದುಕೊಂಡೆ.

ತಟ್ಟೆ ಕೈಯಲ್ಲಿ ಹಾಗೇ ಇತ್ತು. ಹೆಣಕ್ಕೆ ಬೆನ್ನು ತೋರಿಸದೆ ಹಿಂದೆಹಿಂದೆ ನಡೆದು, ಕಾಲಿನಿಂದ ತಡಕಿ ಹಿಂಬಾಗಿಲ ಮೆಟ್ಟಿಲಿಳಿದು, ಸಾರ್ಜೆಂಟ್ ಟಿಲೆಟ್‌ನನ್ನು ಕೂಗಲು ಓಡಿದೆ.

ಕೀನ್ ಏನು ಮಾಡುತ್ತಿದ್ದ ಎಂದರೆ ನಮ್ಮ ದೇಶವನ್ನು ಮಾರುತ್ತಿದ್ದ. ಬೈಗುಳವಲ್ಲ, ಅವನ ಕಸುಬೇ ಅದು. ಹೊರಗಿನಿಂದ ಬಂದ ಬಿಳಿಯರನ್ನು ನನ್ನ ಊಟದ ಮನೆಗೇ ಕರೆತರುತ್ತಿದ್ದ. ಅವರು ತೆಂಗಿನಹಾಲಿನ ಮೀನುಸಾರಿಗೆ ಕುಟ್ಟಿದ ಬಾಳೆಕಾಯಿ ಅದ್ದುತ್ತಿದ್ದಾಗ ಇವನ ಮಾತು ಶುರುವಾಗುತ್ತಿತ್ತು. "ಬೆಲೀಜ್ ಪುಟ್ಟ ದೇಶ, ಆದ್ರೆ ಸಮುದ್ರ ದೊಡ್ಡದು. ಇಂಗ್ಲಿಷ್ ಮಾತಾಡೋ ಜನ. ಚಳಿಗಾಲ ಅನ್ನೋದೇ ಇಲ್ಲ. ನಿಮ್ಮೂರಲ್ಲಿ ಕಾರು ನಿಲ್ಸೋ ಶೆಡ್ಡಿಗೆ ಕೊಡೋ ದುಡ್ಡಲ್ಲಿ ಇಲ್ಲಿ ಅಲೆ ಕಾಣೋ ಮನೆ. ಇಲ್ಲಿ ಮಳೆನೀರು ಎಳೆಕೂಸಿಗೂ ಕುಡಿಸಬಹುದು, ಅಷ್ಟು ಶುದ್ಧ." ಸುಳ್ಳೇನೂ ಅಲ್ಲ. ಅದಕ್ಕೇ ನನಗೆ ಸಿಟ್ಟು. ಅಷ್ಟೂ ನಿಜ ಹೇಳಿ, ಹೇಳಬೇಕಾದ ಒಂದೇ ಒಂದನ್ನು ನುಂಗಿಬಿಡುತ್ತಿದ್ದ. ಜನರನ್ನು ಮಾರ್ಚ್ ತಿಂಗಳಲ್ಲಿ ಕರೆತರುತ್ತಿದ್ದ. ನವೆಂಬರಿನಲ್ಲಿ ತಾನು ಮಾರಿದ ಸೈಟುಗಳು ಎಲ್ಲಿರುತ್ತವೆ ಎಂದು ಯಾರಿಗೂ ತೋರಿಸುತ್ತಿರಲಿಲ್ಲ.

ಈಗ ನವೆಂಬರ್. ಬಡಗಣ ಗಾಳಿ ಒಂದು ವಾರದಿಂದ ಬಿಟ್ಟಿರಲಿಲ್ಲ. ಸಮುದ್ರ ಕಂದುಬಣ್ಣಕ್ಕೆ ತಿರುಗಿತ್ತು, ದಡದ ಮೇಲೆ ಕೊಳೆತ ಪಾಚಿ ಮೊಣಕಾಲೆತ್ತರ. ನಮ್ಮ ಗ್ರೇಪ್ ಪಾಯಿಂಟ್ ಊರಿನಲ್ಲಿ ಕಂಬದ ಮೇಲೆ ನಿಂತ ಮನೆಗಳೆಲ್ಲ ಒದ್ದೆ ಕೋಳಿಗಳ ಹಾಗೆ ಮುದುಡಿ ನಿಂತಿದ್ದವು.

ಅದೇ ದಿನ ಮಧ್ಯಾಹ್ನ ಪೆಟ್ರೋನಾ ಬಂದಳು. ಗುಡ್ಡದ ಮೇಲಿನ ಮಾಯಾ ಜನರ ಊರಿನವಳು. ಅವಳ ಗಂಡ ಎಲುತೇರಿಯೋ ಶೋ ಕೀನ್‌ನ ಅಂಗಳದಲ್ಲಿ ಗರಿಯ ಮಾಡಿನ ಗುಡಿಸಲು ಕಟ್ಟುತ್ತಿದ್ದ. ಬಂದವರಿಗೆ ತೋರಿಸುವ ಗುಡಿಸಲು. ಸಾರ್ಜೆಂಟ್ ಟಿಲೆಟ್ ಬೆಳಿಗ್ಗೆಯೇ ಅವನನ್ನು ಎಳೆದುಕೊಂಡು ಹೋಗಿದ್ದ.

ಪೆಟ್ರೋನಾ ನನ್ನ ಹತ್ತಿರ ಮಾತಾಡಲಿಲ್ಲ. ನೇರ ಮನೆಯ ಕೆಳಗೆ, ಕಂಬಗಳ ನಡುವೆ ಹಾಸುಜೋಲಿಯಲ್ಲಿ ಮಲಗಿದ್ದ ಕಾರ್ಪೊರಲ್ ಪಿಯೋ ಲಾಂಬೆಯ ಮುಂದೆ ಹೋಗಿ ನಿಂತಳು.

ಪಿಯೋ ನನ್ನ ಸತ್ತ ಗಂಡ ಬೆನಿತೋನ ಗೆಳೆಯ. ಪೊಲೀಸಿನಲ್ಲಿದ್ದ. ಸಕ್ಕರೆ ಕಾಯಿಲೆ ಅವನ ಎಡಗಾಲಿನ ಎರಡು ಬೆರಳು ತಿಂದ ಮೇಲೆ ಮನೆಗೆ ಕಳಿಸಿದರು. ಅವನ ಮನೆ ಯಾವುದು? ನನ್ನ ಮನೆಯ ಕೆಳಭಾಗ. ಊರಲ್ಲಿ ಕೋಳಿ ಕಳುವಾದರೂ, ಹೆಂಡತಿ ಓಡಿಹೋದರೂ ಜನ ಮೊದಲು ಅವನ ಜೋಲಿಯ ಹತ್ತಿರ ಬರುತ್ತಾರೆ, ಆಮೇಲೆ ಠಾಣೆಗೆ. ಟಿಲೆಟ್‌ಗೆ ಇದನ್ನು ಕಂಡರೆ ಆಗದು.

"ಕಾರ್ಪೊರಲ್ ಅಣ್ಣ," ಎಂದಳು ಪೆಟ್ರೋನಾ. "ಸೋಮವಾರ ಅವರನ್ನ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ. ಕೊಲೆ ಅಂದ್ರೆ ಜಾಮೀನಿಲ್ವಂತೆ. ಅಲ್ಲಿಂದ ದೊಡ್ಡ ಜೈಲು. ನಾನು ಠಾಣೆ ಹಿಂದೆ ನಿಂತಿದ್ದೆ. ಕೂಗ್ತಾ ಇದ್ರು. ನನ್ನ ಗಂಡ ಕೂಗಿದ್ದು ನಾನು ಇವತ್ತಿನವರೆಗೂ ಕೇಳಿಲ್ಲ."

"ಯಾಕೆ ಹೊಡೀತಿದಾನೆ ಅವನು?"

"ಜೊತೆಗಿದ್ದ ಇನ್ನೊಬ್ಬ ಯಾರು ಅಂತ."

"ಇನ್ನೊಬ್ಬನಾ?" ಪಿಯೋ ಜೋಲಿಯಲ್ಲಿ ಎದ್ದು ಕೂತ. "ಯಾವ ಇನ್ನೊಬ್ಬ? ನೇಷಾ, ನಿನ್ನ ಗಾಡಿ ತೆಗಿ."

"ಸಾರು ಒಲೆ ಮೇಲಿದೆ ಕಣೋ!"

"ಸೀದು ಹೋಗ್ಲಿ ಬಿಡು. ನಿನ್ನ ಸಾರು ತಿನ್ನೋರು ಒಂದು ದಿನ ಉಸಿರಾಡ್ಕೊಳ್ಳಲಿ."

ಬೈದುಕೊಂಡೇ ಹೊರಟೆ. ಹೊರಡುವ ಮುಂಚೆ ಬೆನಿತೋನ ಪಟದ ಮುಂದಿನ ಲೋಟದ ನೀರು ಚೆಲ್ಲಿ ಹೊಸದು ಇಟ್ಟೆ. ಬೆಳಿಗ್ಗೆಯ ಗಲಾಟೆಯಲ್ಲಿ ಅದು ಮರೆತೇ ಹೋಗಿತ್ತು.

ಕೀನ್‌ನ ಮನೆಯ ಮುಂದೆ ಟಿಲೆಟ್ ನಿಂತಿದ್ದ. ಅವನ ಜೊತೆ ಊರಿನ ಚೇರ್ಮನ್ ಗ್ರೆಗೋರಿಯೋ ಅವಿಲಾ. ಎಲ್ಲರೂ ಗೋಯೋ ಅನ್ನುತ್ತೇವೆ.

"ಬಂದ್ರಪ್ಪ ಜೋಲಿಯ ಜಡ್ಜ್ ಸಾಹೇಬ್ರು," ಎಂದ ಟಿಲೆಟ್. "ನೋಡ್ಕೊಳಿ. ನಾನೇನೂ ಮುಚ್ಚಿಟ್ಟಿಲ್ಲ."

ರಸ್ತೆಯಿಂದ ಮುಂಬಾಗಿಲ ಮೆಟ್ಟಿಲಿನವರೆಗೆ ಕೆಂಪು ಕೆಸರಿನ ಹಾದಿ. ಶುಕ್ರವಾರ ಸಂಜೆ ಮಳೆ ನಿಂತಿತ್ತು, ಆಮೇಲೆ ಬಂದಿರಲಿಲ್ಲ. ರಬ್ಬರ್ ಬೂಟಿನ ಗುರುತು ಅಚ್ಚು ಹಾಕಿದ ಹಾಗೆ ಕೂತಿತ್ತು. ಎರಡು ಸಾಲು. ಎರಡೂ ಮನೆಯ ಕಡೆಗೇ ಮುಖ ಮಾಡಿದ್ದವು. ಹೊರಗೆ ಬಂದ ಹೆಜ್ಜೆ ಒಂದೂ ಇಲ್ಲ.

"ಇಬ್ಬರು ಒಳಗೆ ಹೋಗಿದಾರೆ," ಎಂದ ಟಿಲೆಟ್. "ಒಬ್ಬ ಎತ್ತರದವನು, ಹೆಜ್ಜೆ ದೂರದೂರ. ಇನ್ನೊಬ್ಬ ಕುಳ್ಳ, ಹೆಜ್ಜೆ ಹತ್ತಿರಹತ್ತಿರ. ಈ ಹಾದಿಯಲ್ಲಿ ವಾಪಸ್ ಬಂದಿಲ್ಲ. ಹಿಂಬದಿ ಸಿಮೆಂಟ್ ಹಾದೀಲೂ ಕೆಸರಿನ ಗುರುತಿಲ್ಲ. ಹೆಂಗೆ ಹೋದ್ರು? ಅಲ್ನೋಡಿ." ಜಗಲಿಯ ಪಕ್ಕದಲ್ಲೇ ಅರ್ಧ ಕಟ್ಟಿದ ಗುಡಿಸಲಿನ ಅಟ್ಟಣಿಗೆ ಇತ್ತು. "ಜಗಲಿಯಿಂದ ಆ ತೊಲೆಗೆ ನೆಗೆದು, ಹಿಂದಿನ ಮರಳಿಗೆ ಇಳಿದಿದಾರೆ. ನಾನು ನೆಗೀತೀನಾ? ನೀನು ನೆಗೀತೀಯಾ, ಬೆರಳಿಲ್ಲದವನು? ಮಾಡಿನ ಮೇಲೆ ಕೋತಿ ಥರ ಓಡಾಡೋನಿಗೆ ಮಾತ್ರ ಆಗೋದು. ಅವನ ಅಣ್ಣತಮ್ಮಂದಿರಲ್ಲಿ ಯಾವನೋ ಕುಳ್ಳ ಇದಾನೆ. ಹೆಸರು ಹೇಳಿಸ್ತೀನಿ."

"ಹೇಳಿಸಿ ಸಾರ್ಜೆಂಟ್," ಎಂದ ಗೋಯೋ. "ಗುರುವಾರ ಅವನು ಬೆದರಿಕೆ ಹಾಕಿದ್ದು ಇಡೀ ಊರೇ ಕೇಳಿದೆ. ಮಿಸ್ ನೇಷಾಳ ಅಂಗಡೀಲೇ ತಾನೇ?"

ಕೇಳಿದ್ದು ನಿಜ. ಗುರುವಾರ ಮಧ್ಯಾಹ್ನ ಕೀನ್ ಊಟಕ್ಕೆ ಕೂತಿದ್ದಾಗ ಎಲುತೇರಿಯೋ ಬಾಗಿಲಲ್ಲಿ ಬಂದು ನಿಂತಿದ್ದ. ಅಮಾವಾಸ್ಯೆಯ ಕತ್ತಲಲ್ಲಿ ಕಡಿದ ಗರಿ ನಾನು ಹೊದಿಸಲ್ಲ, ಹುಳ ಬೀಳುತ್ತೆ, ಎರಡು ವರ್ಷಕ್ಕೆ ಮಾಡು ಸೋರುತ್ತೆ, ಹುಣ್ಣಿಮೆಗೆ ಕಾಯಿ ಎಂದಿದ್ದ. ಕೀನ್ ತಲೆ ಎತ್ತದೆ, "ಎರಡು ವರ್ಷ ಆದ್ಮೇಲೆ ಯಾರು ನೋಡ್ತಾರೆ? ಕೊಂಡ್ಕೊಂಡಾಗಿರತ್ತೆ," ಎಂದ. ಎಲುತೇರಿಯೋ, "ಹೆಸರು ಕೆಡೋದು ನಂದು. ಆ ಮಾಡು ನಿನ್ನ ತಲೆ ಮೇಲೇ ಬೀಳಲಿ," ಎಂದು ಹೋಗಿಬಿಟ್ಟ. ಬೆದರಿಕೆ ಎಂದರೆ ಇಷ್ಟೇ. ನಾನು ದಿನಕ್ಕೆ ಹತ್ತು ಸಲ ಇದಕ್ಕಿಂತ ಕೆಟ್ಟದ್ದು ಆಡುತ್ತೇನೆ.

ಆವತ್ತು ನನಗೆ ಸಿಟ್ಟು ಬಂದಿದ್ದು ಗೋಯೋನ ಮೇಲೆ. ಹಿಂದಿನ ದಿನ ಸೊಳ್ಳೆ ಇಲಾಖೆಯವನು ಬಂದು ಮನೆಮನೆಯ ಮಳೆನೀರಿನ ತೊಟ್ಟಿಗೂ ಮರಿ ಸಾಯುವ ಪುಡಿ ಹಾಕಿ ಹೋಗಿದ್ದ. ಊರಲ್ಲಿ ಮೂಳೆಮುರುಕ ಜ್ವರ ಶುರುವಾಗಿತ್ತಲ್ಲ, ಅದಕ್ಕೆ. ಗೋಯೋ ಒಬ್ಬನೇ ಅವನನ್ನು ಗೇಟಿನಿಂದಾಚೆ ಅಟ್ಟಿದವನು. ಊಟಕ್ಕೆ ಬಂದವನು ಸೊಂಟದಿಂದ ರಮ್ಮಿನ ಹಳೇ ಸೀಸೆ ತೆಗೆದು ನನ್ನ ಮೇಜಿನ ಮೇಲೆ ಕುಕ್ಕಿದ.

"ಏನೋ ಇದು, ಹಾಡಹಗಲಲ್ಲೇ?"

"ನೀರು ಮಿಸ್ ನೇಷಾ. ನನ್ನ ಮನೆ ತೊಟ್ಟೀದು. ಇನ್ಮೇಲೆ ನಿಮ್ಮನೆ ವಿಷ ನಾನು ಕುಡಿಯಲ್ಲ. ನಮ್ಮವ್ವ ಎಂಬತ್ತು ವರ್ಷ ಆಕಾಶದ ನೀರು ಕುಡಿದಿದಾಳೆ, ಗವರ್ಮೆಂಟಿನ ಪುಡಿ ಬೇಕಾ ಅವಳಿಗೆ?"

"ಅದರಲ್ಲಿ ಮರಿ ಈಜ್ತಾ ಇದೆಯಲ್ಲೋ ಅಸಹ್ಯದವನೇ!"

"ಈಜಲಿ. ಮರಿ ತಿಂದು ಸತ್ತೋರನ್ನ ತೋರಿಸು ನೋಡೋಣ." ಎಲ್ಲರೂ ನಕ್ಕರು. ನಾನು ಅವನ ತಟ್ಟೆಗೆ ಮೀನಿನ ತಲೆ ಹಾಕಿ, ಮಾಂಸ ಬೇರೆಯವರಿಗೆ ಬಡಿಸಿದೆ.

ಪಿಯೋ ಕೆಸರಿನ ಹಾದಿಯ ಅಂಚಿನಲ್ಲಿ ಕೋಲೂರಿ ಬಗ್ಗಿ ತುಂಬಾ ಹೊತ್ತು ನೋಡಿದ. ನನ್ನನ್ನೂ ಕರೆದು ತೋರಿಸಿದ. ಕುಳ್ಳನ ಹೆಜ್ಜೆಗಳಲ್ಲಿ ಬೂಟಿನ ಮುಂಭಾಗ ಆಳಕ್ಕೆ ಇಳಿದಿತ್ತು, ಹಿಮ್ಮಡಿ ಇಳಿದಿರಲಿಲ್ಲ. ಒಂದೆರಡು ಕಡೆ ಅದು ಎತ್ತರದವನ ಹೆಜ್ಜೆಯನ್ನು ಮೆಟ್ಟಿತ್ತು. ಸಾಲು ನೆಟ್ಟಗಿರಲಿಲ್ಲ, ಕುಡಿದವನ ಹಾಗೆ ಅತ್ತಿತ್ತ ವಾಲಿತ್ತು. ಬೂಟಿನ ತಳದ ಅಚ್ಚು ಮಾತ್ರ ಎರಡು ಸಾಲಿನಲ್ಲೂ ಒಂದೇ.

"ಒಂದೇ ಅಂಗಡಿ ಬೂಟು," ಎಂದೆ. "ಊರಿಗೆಲ್ಲ ಒಬ್ಬನೇ ಮಾರೋದು."

"ಬಲಗಾಲಿನ ಹಿಮ್ಮಡಿ ಒಂದು ಕಡೆ ಸವೆದಿದೆ ನೋಡು. ಎರಡರಲ್ಲೂ ಸವೆದಿದೆ," ಎಂದ.

ಮೇಲೆ ಹತ್ತಿದೆವು. ಹೆಣ ಸಾಗಿಸಿದ್ದರು. ಲೋಟ ಇದ್ದಲ್ಲೇ ಇತ್ತು. ಪಿಯೋ ಅದನ್ನು ಎತ್ತಿ ಬೆಳಕಿಗೆ ಹಿಡಿದ, ತನ್ನ ಟೋಪಿ ತೆಗೆದು ಕೆಳಗಿಟ್ಟು ಮತ್ತೆ ನೋಡಿದ.

"ಸತ್ತವನು ಕುಡಿಯೋಕೆ ಇಟ್ಕೊಂಡಿದ್ದು ಅದು," ಎಂದ ಟಿಲೆಟ್. "ಬಿದ್ದಾಗ ಚೆಲ್ಲಿಲ್ಲ ಅಷ್ಟೇ."

"ಮನುಷ್ಯ ಬಿದ್ದ. ಮೇಜು ಉರುಳಿದೆ. ಕಂಠಮಟ್ಟ ನೀರು ತುಂಬಿದ ಲೋಟದಿಂದ ಒಂದು ಹನಿ ತುಳುಕಿಲ್ಲ. ಸರಿ ಬಿಡಪ್ಪ." ಪಿಯೋ ಫ್ರಿಜ್ ತೆಗೆದ. ಅದರ ತುಂಬ ಹೊರದೇಶದ ನೀರಿನ ಪ್ಲಾಸ್ಟಿಕ್ ಬಾಟಲಿಗಳು. ಅಡುಗೆಮನೆಯ ನಲ್ಲಿ ತಿರುಗಿಸಿ ಒಂದು ಲೋಟ ಹಿಡಿದ. ಆ ನೀರಿನಲ್ಲಿ ಏನೂ ಅಲುಗುತ್ತಿರಲಿಲ್ಲ. "ನೇಷಾ, ಆ ಮೊದಲನೇ ಲೋಟಕ್ಕೆ ಒಂದು ತಟ್ಟೆ ಮುಚ್ಚು. ಚೆಲ್ಲಿದರೆ ನಿನ್ನ ಕೈ ಮುರೀತೀನಿ."

"ನನ್ನ ಕೈ ಮುರಿದ್ರೆ ನಿನ್ನ ಹೊಟ್ಟೆ ಯಾರು ತುಂಬ್ತಾರೆ?" ಎಂದು ತಟ್ಟೆ ಮುಚ್ಚಿದೆ.

ದಾರಿಯಲ್ಲಿ ಮಿಸೆಸ್ ಹಾಲ್ವರ್ಸನ್ ಮನೆಯ ಮುಂದೆ ಗಾಡಿ ನಿಲ್ಲಿಸಲು ಹೇಳಿದ. ಕೆನಡಾದ ಹೆಂಗಸು. ಮಾರ್ಚ್‌ನಲ್ಲಿ ಗಂಡನ ಜೊತೆ ಬಂದು ಕೀನ್‌ನಿಂದ ಸೈಟು ಕೊಂಡಿದ್ದಳು. ಗಂಡ ಜೂನ್‌ನಲ್ಲಿ ಅಲ್ಲೇ ಅವರೂರಲ್ಲಿ ಸತ್ತ. ಅಕ್ಟೋಬರಿನಲ್ಲಿ ಒಬ್ಬಳೇ ಬಂದು ನೋಡಿದರೆ ಸೈಟಿನ ಮೇಲೆ ಎದೆಮಟ್ಟದ ನೀರು, ಮೂಲೆಗೂಟದ ಮೇಲೆ ಕೊಕ್ಕರೆ. "ಆ ಮನುಷ್ಯನನ್ನು ಕೊಲ್ಲುತ್ತೇನೆ" ಎಂದು ಅವಳೂ ಊರೆಲ್ಲ ಕೇಳುವ ಹಾಗೆ ಕಿರುಚಿದ್ದಳು. ಅವಳ ಬೆದರಿಕೆ ಮಾತ್ರ ಟಿಲೆಟ್‌ನ ಕಿವಿಗೆ ಬೀಳಲಿಲ್ಲ.

"ನಾನೇ ಕೊಂದ್ನಾ ಅಂತ ಕೇಳೋಕೆ ಬಂದ್ರಾ?" ಎಂದಳು. ಅತ್ತು ಕಣ್ಣು ಊದಿಕೊಂಡಿತ್ತು. "ಕೊಂದಿದ್ರೆ ಒಳ್ಳೇದಿತ್ತು. ಏನಾದ್ರೂ ಒಂದು ಮಾಡಿದ ಹಾಗಾದ್ರೂ ಆಗ್ತಿತ್ತು."

"ಅಮ್ಮಾ, ಕೀನ್ ಯಾವತ್ತಾದರೂ ತೊಟ್ಟಿ ನೀರು ಕುಡಿದಿದ್ದನ್ನ ನೋಡಿದೀರಾ?"

ಅವಳು ನಕ್ಕಳು, ಕೇಳಲು ಹಿತವಾಗಿರಲಿಲ್ಲ ಆ ನಗು. "ನಮಗೆ ಎಳೆಕೂಸಿಗೂ ಕುಡಿಸಬಹುದು ಅಂತ ಹೇಳಿದ. ಅವನು ಹಲ್ಲುಜ್ಜಿ ಬಾಯಿ ಮುಕ್ಕಳಿಸೋದು ಕೂಡ ಬಾಟಲಿ ನೀರಲ್ಲಿ."

ಮನೆಗೆ ಬಂದ ಮೇಲೆ ನಾನು ತಡೆಯಲಾರದೆ ಕೇಳಿದೆ. "ಬೂಟು ಬಿಟ್ಟು ಲೋಟದ ಹಿಂದೆ ಯಾಕೆ ಬಿದ್ದಿದೀಯ?"

"ನೀನು ಬೆಳಿಗ್ಗೆ ಆ ಮನೆಯಿಂದ ಹೇಗೆ ಹೊರಗೆ ಬಂದೆ?"

"ಕಾಲಿಂದ."

"ಅದೇ," ಎಂದು ಜೋಲಿಯಲ್ಲಿ ಅಡ್ಡಾದ. ನನಗೆ ಅವನ ಜೋಲಿಯ ಹಗ್ಗ ಕೊಯ್ಯುವಷ್ಟು ಸಿಟ್ಟು ಬಂತು.

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಊರ ಸಭೆ ಇತ್ತು. ಅದು ಮೊದಲೇ ಕರೆದಿದ್ದ ಸಭೆ. ಸಮುದ್ರದ ಬದಿಯ ಹಳೇ ಸ್ಮಶಾನದಲ್ಲಿ ಯಾರೋ ಅಳತೆ ಗೂಟ ನೆಟ್ಟಿದ್ದರು, ಅದನ್ನು ಕೀನ್‌ನ ಬಾಯಿಂದಲೇ ಕೇಳಬೇಕೆಂದು ಊರವರು ಹಟ ಹಿಡಿದಿದ್ದರು. ಕೇಳಬೇಕಾದವನು ಸತ್ತಿದ್ದ, ಆದರೂ ಜನ ಬಂದರು. ಸಭಾಭವನ ಸೋರುತ್ತಿದ್ದರಿಂದ ಎಲ್ಲರೂ ನನ್ನ ಊಟದ ಮನೆಯಲ್ಲಿ ಸೇರಿದರು. ಪಿಯೋ ಮೊದಲೇ ಹೇಳಿ ಕಳಿಸಿದ್ದ: ಜ್ವರದ ವಿಷಯ ಮಾತಾಡೋದಿದೆ, ಪ್ರತಿ ಮನೆಯವರೂ ತಮ್ಮ ತೊಟ್ಟಿಯಿಂದ ಒಂದು ಲೋಟ ನೀರು ತನ್ನಿ. ಟಿಲೆಟ್‌ನನ್ನು ಬರುವಂತೆ ಮಾಡಲು ನಾನು ಸುಳ್ಳು ಹೇಳಬೇಕಾಯಿತು. ಎಲುತೇರಿಯೋನ ಜೊತೆಗಿದ್ದವನ ಹೆಸರು ಪಿಯೋ ಹೇಳುತ್ತಾನಂತೆ ಎಂದೆ. ಅವನು ಎಲುತೇರಿಯೋನನ್ನೂ ಬೇಡಿ ಹಾಕಿ ಕರೆತಂದ. ಅವನ ಎಡಗೈ ಬಟ್ಟೆಯಲ್ಲಿ ಸುತ್ತಿತ್ತು. ಪೆಟ್ರೋನಾ ಆ ಕೈಯನ್ನೇ ನೋಡುತ್ತಾ ನಿಂತಳು.

ಲೋಟಗಳು ಉದ್ದ ಮೇಜಿನ ಮೇಲೆ ಸಾಲಾಗಿ ಕೂತವು. ಗೋಯೋ ತನ್ನದನ್ನು ಹೆಮ್ಮೆಯಿಂದ ಮಧ್ಯದಲ್ಲಿಟ್ಟ. ಅವನ ತಾಯಿ, ಎಲ್ಲರೂ ನಾನಾ ಎಂದು ಕರೆಯುವ ಮುದುಕಿ, ಮೂಲೆಯ ಕುರ್ಚಿಯಲ್ಲಿ ಕಪ್ಪು ಬಟ್ಟೆ ಹೊದ್ದು ಕೂತಿದ್ದಳು.

ಪಿಯೋ ಕೋಲೂರಿ ಎದ್ದ. "ಸಾರ್ಜೆಂಟ್, ಇಬ್ಬರು ಬಂದ್ರು, ಯಾರೂ ಹೊರಗೆ ಹೋಗಲಿಲ್ಲ ಅಂದಿರಿ. ನಾನು ಹೇಳ್ತೀನಿ, ಒಬ್ಬನೇ ಬಂದ, ಅವನೇ ಹೊರಗೂ ಹೋದ. ಎರಡೂ ಸಾಲಿನಲ್ಲಿ ಬಲ ಬೂಟಿನ ಹಿಮ್ಮಡಿ ಒಂದೇ ಕಡೆ ಸವೆದಿದೆ. ಕುಳ್ಳ ಅಂತ ನೀವು ಅಂದ್ಕೊಂಡ ಹೆಜ್ಜೆಗಳು ಹತ್ತಿರಹತ್ತಿರ ಯಾಕಿವೆ? ಸೊಟ್ಟ ಯಾಕಿವೆ? ಬೂಟಿನ ಮುಂಭಾಗ ಯಾಕೆ ಒತ್ತಿದೆ? ಮೊದಲ ಸಾಲನ್ನ ಯಾಕೆ ಮೆಟ್ಟಿವೆ? ಆ ಮನುಷ್ಯ ಹಿಂದೆಹಿಂದೆ ನಡೀತಾ ಹೊರಗೆ ಹೋಗಿದಾನೆ."

"ಹೆಜ್ಜೆ ಗುರುತು ತಪ್ಪಿಸೋಕೆ," ಎಂದ ಟಿಲೆಟ್.

"ಅಷ್ಟು ಜಾಣನಾಗಿದ್ರೆ ನೇಷಾಳ ಹಾಗೆ ಸಿಮೆಂಟ್ ಹಾದೀಲಿ ಹೋಗ್ತಿದ್ದ. ನೇಷಾ, ಹೆಣ ಕಂಡು ನೀನು ಹೇಗೆ ಹೊರಗೆ ಬಂದೆ, ಈಗ ಹೇಳು."

ನಾನು ಸೌಟು ಹಿಡಿದುಕೊಂಡೇ ಎದ್ದು ನಿಂತೆ. "ಹಿಂದೆಹಿಂದೆ ನಡ್ಕೊಂಡು. ಇನ್ನು ಹೇಗೆ ಬರ್ತಾರೆ? ಬೆನ್ನು ತೋರಿಸಿದ್ರೆ ಸತ್ತವನು ಬೆನ್ನು ಹತ್ತಿ ಮನೆಗೆ ಬರಲ್ವಾ?"

ಕೂತಿದ್ದ ಹೆಂಗಸರೆಲ್ಲ ತಲೆಯಾಡಿಸಿದರು. ಟಿಲೆಟ್ ನಗರದಲ್ಲಿ ಬೆಳೆದವನು, ಬಾಯಿ ತೆರೆದುಕೊಂಡು ನಿಂತಿದ್ದ.

"ನಮ್ಮ ಗರಿಫುನಾ ಜನಕ್ಕೆ ಇದು ಯೋಚನೆ ಮಾಡಿ ಮಾಡೋ ಕೆಲಸ ಅಲ್ಲ," ಎಂದ ಪಿಯೋ. "ಕಾಲೇ ಮಾಡಿಬಿಡತ್ತೆ. ಎಲುತೇರಿಯೋ, ನಿಮ್ಮಲ್ಲಿ ಹೀಗೆ ಮಾಡ್ತೀರಾ?"

"ಇಲ್ಲ," ಎಂದ ಎಲುತೇರಿಯೋ. ತುಟಿ ಒಡೆದಿತ್ತು. "ನಾವು ಪ್ರಾರ್ಥನೆ ಮಾಡ್ತೀವಿ. ಹಿಂದೆ ನಡೆಯೋದು ನಂಗೊತ್ತಿಲ್ಲ."

"ಅವನು ಸುಳ್ಳು ಹೇಳ್ತಿದಾನೆ ಅಂತ್ಲೇ ಇಟ್ಕೊಳ್ಳೋಣ. ಇನ್ನೊಂದಿದೆ." ಪಿಯೋ ತಟ್ಟೆ ಮುಚ್ಚಿದ ಲೋಟವನ್ನು ಮೇಜಿನ ಮೇಲೆ ತಂದಿಟ್ಟ. "ಇದು ಕೀನ್‌ನ ತಲೆ ಹತ್ತಿರ ಇತ್ತು. ತುಂಬಿದ ಲೋಟ, ಗುಟುಕು ಕೂಡ ಕುಡಿದಿಲ್ಲ. ಮೇಜು ಉರುಳಿದರೂ ಇದು ಉರುಳಿಲ್ಲ, ಯಾಕಂದ್ರೆ ಅವನು ಬಿದ್ದಾಗ ಇದು ಅಲ್ಲಿರಲಿಲ್ಲ. ಆಮೇಲೆ ಇಟ್ಟಿದ್ದು. ಸತ್ತವನ ತಲೆ ಹತ್ತಿರ ನೀರು ಯಾರು ಇಡ್ತಾರೆ, ಯಾಕೆ ಇಡ್ತಾರೆ ಅಂತ ನಾನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೀನ್‌ನ ಫ್ರಿಜ್ಜಲ್ಲಿ ನೀರಿತ್ತು, ಅದನ್ನ ಮುಟ್ಟಿಲ್ಲ. ಪ್ಲಾಸ್ಟಿಕ್ ನೀರಲ್ಲಿ ಸತ್ತವರ ದಾಹ ತೀರಲ್ಲ, ಆಕಾಶದ ನೀರೇ ಬೇಕು. ಕೀನ್‌ನ ನಲ್ಲಿಗೆ ಬರೋ ತೊಟ್ಟಿ ನೀರಿಗೂ ಪುಡಿ ಬಿದ್ದಿತ್ತು. ಈ ಲೋಟದಲ್ಲಿ ನೋಡಿ."

ತಟ್ಟೆ ತೆಗೆದ. ಮರಿಗಳು ಇನ್ನೂ ಜೀವಂತವಾಗಿದ್ದವು, ಬಾಲ ಮೇಲೆ ಮಾಡಿ ತೇಲುತ್ತಿದ್ದವು.

"ಈಗ ನೀವು ತಂದ ಲೋಟಗಳನ್ನ ನೋಡ್ಕೊಳ್ಳಿ."

ಬೆಂಚುಗಳು ಕಿರುಗುಟ್ಟಿದವು. ಎಲ್ಲರೂ ಮೇಜಿನ ಮೇಲೆ ಬಗ್ಗಿದರು. ಒಂದೊಂದು ಲೋಟವೂ ಕನ್ನಡಿಯ ಹಾಗೆ ನಿಂತಿತ್ತು, ಮಧ್ಯದ ಒಂದನ್ನು ಬಿಟ್ಟು. ಅದರಲ್ಲಿ ಮಾತ್ರ ಕುಣಿತ ನಡೆದಿತ್ತು. ಒಬ್ಬೊಬ್ಬರಾಗಿ ತಲೆ ಎತ್ತಿ ಗೋಯೋನ ಕಡೆ ನೋಡಿದರು.

"ನನ್ನ ತೊಟ್ಟಿಯಿಂದ ಯಾರು ಬೇಕಾದರೂ ತಗೊಂಡಿರಬಹುದು!" ಎಂದ ಗೋಯೋ.

"ತೊಟ್ಟಿಯಿಂದ ಯಾಕೆ? ನಿನ್ನ ಸೊಂಟದಲ್ಲೇ ಸೀಸೆ ಇದೆಯಲ್ಲ. ಎತ್ತು ನಿನ್ನ ಬಲಗಾಲು, ಹಿಮ್ಮಡಿ ತೋರಿಸು."

ಗೋಯೋ ಕಾಲು ಎತ್ತಲಿಲ್ಲ.

"ನಾನು ಹೇಳ್ತೀನಿ," ಎಂದ ಪಿಯೋ, ದನಿ ತಗ್ಗಿಸಿ. ಇಷ್ಟಕ್ಕೂ ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. "ಸ್ಮಶಾನದ ಗೂಟ ಕೀನ್ ತಾನಾಗೇ ನೆಡಲಿಲ್ಲ. ಊರಿನ ನೆಲ ಊರಿನವನೊಬ್ಬ ಕೈ ತೋರಿಸದೆ ಹೊರಗಿನವನಿಗೆ ಸಿಗಲ್ಲ. ಇವತ್ತಿನ ಸಭೇಲಿ ಕೀನ್ ಯಾರ ಹೆಸರು ಹೇಳ್ತಿದ್ದ? ಅವನು ಮಾತಾಡೋದು ಬೇಡವಾಗಿದ್ದು ಯಾರಿಗೆ? ಎಲುತೇರಿಯೋಗೆ ಅಲ್ಲಿ ಯಾರ ಗೋರೀನೂ ಇಲ್ಲ. ಮಿಸೆಸ್ ಹಾಲ್ವರ್ಸನ್‌ಗೆ ಕೀನ್ ಬದುಕಿ ಬಾಯಿಬಿಡೋದೇ ಬೇಕಾಗಿತ್ತು."

"ಗ್ರೆಗೋರಿಯೋ," ಎಂದಳು ಮೂಲೆಯಿಂದ ನಾನಾ. "ನಿಮ್ಮಪ್ಪ ಅಲ್ಲಿ ಮಲಗಿದಾನೆ."

ಅಷ್ಟೇ ಸಾಕಾಯಿತು. ಗೋಯೋ ಬೆಂಚಿನ ಮೇಲೆ ಕುಸಿದ. ಚೇರ್ಮನ್ ಗತ್ತು ಎಲ್ಲಿ ಹೋಯಿತೋ.

"ಬೇಡಿಕೊಳ್ಳೋಕೆ ಹೋಗಿದ್ದೆ ಅವ್ವಾ. ನನ್ನ ಹೆಸರು ಎತ್ತಬೇಡ, ನಿನ್ನದೇ ತಪ್ಪು ಅಂತ ಹೇಳು ಅಂದೆ. ಆಗಲ್ಲ ಅಂದ. ಆ ಜಾಗ ಬೇಡ, ಬೇರೆ ಕೊಡಿಸ್ತೀನಿ ಅಂದೆ. ಇಡೀ ದಡದಲ್ಲಿ ನವೆಂಬರಲ್ಲೂ ಮುಳುಗದೇ ಇರೋ ನೆಲ ಅದೊಂದೇ, ಸತ್ತವರಿಗೆ ಯಾಕೆ ಸಮುದ್ರದ ನೋಟ ಅಂತ ಕೇಳಿದ. ನಗ್ತಾ ಕೇಳಿದ. ಗೂಟ ಅಲ್ಲೇ ಬಾಗಿಲ ಹತ್ತಿರ ಒರಗಿಸಿತ್ತು."

ನಮ್ಮ ಹಳಬರು ಅದೇ ಕಾರಣಕ್ಕೆ ಆ ಎತ್ತರದ ನೆಲವನ್ನು ಸತ್ತವರಿಗೆ ಬಿಟ್ಟಿದ್ದರು.

"ನೀರು ಇಟ್ಟೆಯಲ್ಲ, ಪಾಪ ಅನ್ನಿಸಿತಾ?" ಎಂದು ನಾನು ಕೇಳಿಬಿಟ್ಟೆ.

ಗೋಯೋ ನನ್ನನ್ನು ನೋಡಲಿಲ್ಲ. "ಹೆದರಿಕೆ. ಬಾಯಾರಿದವನು ನೀರು ಕೇಳ್ಕೊಂಡು ಮನೇಗೇ ಬರ್ತಾನೆ. ಮನೇಲಿ ಅವ್ವ ಒಬ್ಬಳೇ ಇರ್ತಾಳೆ."

"ಬೇರೆಯವರ ಮಗ ನಿನ್ನ ಬದಲು ಜೈಲಿಗೆ ಹೋಗೋದಕ್ಕೆ ಮಾತ್ರ ಹೆದರಿಕೆ ಆಗಲಿಲ್ಲ ನಿಂಗೆ," ಎಂದೆ. ನನ್ನ ಕೈಯಲ್ಲಿ ಸೌಟು ಇತ್ತು. ಪಿಯೋ ಅದನ್ನು ಮೆಲ್ಲಗೆ ಕಿತ್ತುಕೊಂಡ.

ಟಿಲೆಟ್ ಎಲುತೇರಿಯೋನ ಬೇಡಿ ಬಿಚ್ಚಿ ಅದನ್ನೇ ಗೋಯೋಗೆ ಹಾಕಿದ. ಬಿಚ್ಚುವಾಗ ಎಲುತೇರಿಯೋ ಒಂದು ಸಲ ಉಸಿರೆಳೆದುಕೊಂಡ. ಬಟ್ಟೆ ಜಾರಿತು. ಎಡಗೈಯ ಮೂರು ಬೆರಳು ಕಪ್ಪಾಗಿ ಊದಿ, ಬೆರಳು ಬಾಗುವ ಕಡೆಗಲ್ಲ, ಬೇರೆ ಕಡೆಗೆ ಬಾಗಿದ್ದವು. ಇಲ್ಲದ ಕುಳ್ಳನ ಹೆಸರು ಹೇಳಿಸಲು ಆದ ಕೆಲಸ ಅದು. ಗರಿ ಹೊದಿಸುವವನಿಗೆ ಎಡಗೈ ತೊಲೆ ಹಿಡಿಯುವ ಕೈ.

"ಡಾಕ್ಟರಿಗೆ ತೋರಿಸ್ಕೋ," ಎಂದ ಟಿಲೆಟ್, ನೆಲ ನೋಡುತ್ತಾ.

ಕಾಗದಪತ್ರ ಮುಗಿದಿದ್ದು ಸೋಮವಾರ ಮಧ್ಯಾಹ್ನ. ಎಲುತೇರಿಯೋ ಮತ್ತು ಪೆಟ್ರೋನಾ ಗುಡ್ಡದ ಬಸ್ಸಿಗೆ ಮುಂಚೆ ನನ್ನಲ್ಲಿಗೆ ಬಂದರು, ನಾನೇ ಕರೆಸಿದ್ದೆ. ನರ್ಸು ಕೈಗೆ ಹಲಗೆ ಕಟ್ಟಿ, ಬೆರಳು ನೆಟ್ಟಗಾಗುವುದು ಕಷ್ಟ ಎಂದಿದ್ದಳಂತೆ. ತೆಂಗಿನಹಾಲಿನ ಸಾರು, ಮೀನಿನ ದಪ್ಪ ತುಂಡು, ಕುಟ್ಟಿದ ಬಾಳೆಕಾಯಿ ಬಡಿಸಿದೆ. ಪಿಯೋ ಎದುರಿಗೆ ಕೂತು ಹವಾಮಾನದ ವಿಷಯ ಏನೇನೋ ಮಾತಾಡುತ್ತಿದ್ದ. ಗೆದ್ದ ಮನುಷ್ಯನ ಮುಖವಾಗಿರಲಿಲ್ಲ ಅವನದು. ಎಲುತೇರಿಯೋನ ತಟ್ಟೆ ಜಾರುತ್ತಿತ್ತು, ಹಿಡಿದುಕೊಳ್ಳಲು ಇನ್ನೊಂದು ಕೈ ಇರಲಿಲ್ಲ. ಪೆಟ್ರೋನಾ ಅದನ್ನು ಹಿಡಿದುಕೊಂಡಳು, ಅವನು ತಲೆ ಬಗ್ಗಿಸಿ ನಿಧಾನಕ್ಕೆ ತಿನ್ನುತ್ತಿದ್ದ.

ಅಷ್ಟರಲ್ಲಿ ಟಿಲೆಟ್ ಒಳಗೆ ಬಂದ. ಅವನು ದಿನಾ ಊಟಕ್ಕೆ ಬರುವುದು ನನ್ನಲ್ಲಿಗೇ. ಬಾಗಿಲಲ್ಲೇ ಇವರನ್ನು ಕಂಡು ನಿಂತ, ಆಮೇಲೆ ಟೋಪಿ ತೆಗೆದ.

ನನ್ನ ನಾಲಗೆಯ ತುದಿಯವರೆಗೆ ಮಾತು ಬಂದಿತ್ತು. ಆದರೆ ಎಲುತೇರಿಯೋ ಆಗಲೇ ಎದ್ದಿದ್ದ. ಬೈಯಲಿಲ್ಲ, ನೋಡಲೂ ಇಲ್ಲ. ನನಗೂ ಪಿಯೋಗೂ ತಲೆ ಬಗ್ಗಿಸದೆ ಕಣ್ಣಲ್ಲೇ ಹೋಗಿಬರುತ್ತೇನೆಂದು ಹೇಳಿ, ಹೆಂಡತಿಯ ಹೆಗಲಿಗೆ ಸರಿಯಿರುವ ಕೈ ಇಟ್ಟು ಮಳೆಯಲ್ಲಿ ಹೊರಟುಹೋದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊರಗೆ ನಿಲ್ಲಲು ಸೂರೂ ಇರಲಿಲ್ಲ.

ಟಿಲೆಟ್ ಅದೇ ಬೆಂಚಿಗೆ ಬಂದು ಕೂತ. ಕೂರಲು ಬೇರೆ ಜಾಗವಿತ್ತು.

"ಏನಿದೆ ಮಿಸ್ ನೇಷಾ?" ಎಂದ.

ಅರ್ಧ ತಿಂದು ಬಿಟ್ಟ ಆ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದೆ. "ಇದಿದೆ," ಎಂದೆ.

ಪಿಯೋ ಕೋಲು ತೆಗೆದುಕೊಂಡು ಕೆಳಗಿಳಿದು ಹೋದ. ಟಿಲೆಟ್ ತಟ್ಟೆಯನ್ನು ನೋಡುತ್ತಾ ಕೂತ. ಸಾರಿನ ಮೇಲೆ ಕೆನೆ ಕಟ್ಟಿತು. ಅವನು ತಿನ್ನಲಿಲ್ಲ, ಎದ್ದು ಹೋಗಲೂ ಇಲ್ಲ. ನಾನೂ ತಟ್ಟೆ ತೆಗೆಯಲಿಲ್ಲ.